ರೀಲ್ಸ್ ಆಮೇಲೆ, ಮೊದಲು ಹೆಸರು

ಹೋದ ತಿಂಗಳು ಊರಿಗೆ ಹೋದಾಗ ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡೀತಾ ನಿಂತಿದ್ವಿ. ಕಾಕಾನ ಮಗ ಫೋನ್ ತೆಗೆದು ಒಂದು ಮೆಸೇಜ್ ತೋರಿಸಿದ. ಎರಡು ರೀಲ್ಸ್, ಒಂದು ಸ್ಟೋರಿ, ಎಲ್ಲಾ ಸೇರಿ 60,000 ರೂಪಾಯಿ. ‘ಅಣ್ಣಾ, ಕೊಟ್ಟುಬಿಡ್ಲೇನು? ಒಮ್ಮೆ ವೈರಲ್ ಆತಂದ್ರ ಸಾಕು ನೋಡು.’

ಅವನದು ಟಿಕೋಟಾ ಕಡೆ ದ್ರಾಕ್ಷಿ ತೋಟ. ಹಣ್ಣನ್ನ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡ್ತಾರೆ. ಬೆಂಗಳೂರಿನವರು ಒಣದ್ರಾಕ್ಷಿ ಅಂತೀರಲ್ಲ, ಅದೇ. ಟಿಕೋಟಾ, ಬಬಲೇಶ್ವರ ಸೀಮೆಯ ಎಷ್ಟೋ ಮಾಲು ಗಡಿ ದಾಟಿ ತಾಸಗಾಂವ್, ಸಾಂಗ್ಲಿ ಮಾರ್ಕೆಟ್ಟಿಗೆ ಹೋಗುತ್ತೆ. ಅಲ್ಲಿಂದ ಮುಂದೆ ಅದು ಯಾವ ಊರಿನ ಹಣ್ಣು ಅಂತ ಯಾರಿಗೂ ಗೊತ್ತಿರಲ್ಲ. ನಾನು ಬೆಂಗಳೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತರೋ ಪ್ಯಾಕೆಟ್ಟಿನಲ್ಲಿ ನಮ್ಮ ಕಾಕಾನ ತೋಟದ್ದೇ ಇದ್ದರೂ ಇರಬಹುದು. ಈ ವರ್ಷ ಸ್ವಲ್ಪ ಮಾಲನ್ನಾದರೂ ಸ್ವಂತ ಹೆಸರಲ್ಲಿ ಮಾರ್ತೀನಿ ಅಂತ ತಮ್ಮ ಹೊರಟಿದ್ದಾನೆ. ಆ ಅರವತ್ತು ಸಾವಿರ ಅಂದ್ರೆ ಅದಕ್ಕಂತ ಎತ್ತಿಟ್ಟ ದುಡ್ಡಿನಲ್ಲಿ ಅರ್ಧ.

‘ಹೆಸರೇನು ಇಟ್ಟಿ?’ ಅಂದೆ.

‘ಇನ್ನೂ ಇಟ್ಟಿಲ್ಲ.’

ಚಹಾದಂಗಡಿಯವನು ಆಗಷ್ಟೇ ನಂದಿನಿ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರೀತಿದ್ದ. ಅದನ್ನೇ ತೋರಿಸಿ ತಮ್ಮನಿಗೆ ಹೇಳಿದ್ದನ್ನ ಇಲ್ಲೂ ಬರೀತೀನಿ. ಯಾಕಂದ್ರೆ ಹೋಮ್‌ಮೇಡ್ ಚಾಕೊಲೇಟ್, ಸೀರೆ ಪೇಜ್, ಮಿಲೆಟ್ ಹಿಟ್ಟು ಅಂತ ಸೈಡ್ ಬಿಸಿನೆಸ್ ಶುರು ಮಾಡಿರೋ ನನ್ನ ಆಫೀಸ್ ಗೆಳೆಯರೆಲ್ಲ ಕೇಳೋದೂ ಇದೇ ಪ್ರಶ್ನೆ.

2024ರ ಜೂನ್‌ನಲ್ಲಿ ಟಿ20 ವಿಶ್ವಕಪ್ ಆದಾಗ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಕೆಎಂಎಫ್ ಪ್ರಾಯೋಜಕತ್ವ ಕೊಟ್ಟಿದ್ದು ನೆನಪಿದೆಯಾ? ಸ್ಕಾಟ್ಲೆಂಡ್ ಜೆರ್ಸಿ ಮೇಲೆ ನಂದಿನಿ ಹೆಸರು ಕಂಡಿದ್ದೇ ತಡ, ನಮ್ಮ ವಾಟ್ಸಾಪ್ ಗ್ರೂಪ್ ತುಂಬಾ ಮೀಮ್. ಸ್ಕಾಟ್ಲೆಂಡ್ ಟೀಮಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲದ ನಾವು ಅವರ ಮ್ಯಾಚ್ ದಿನ ಸ್ಕೋರ್ ನೋಡ್ತಾ ಕೂತಿದ್ವಿ. ಕನ್ನಡ ನಾಡಿನ ರೈತರ ದುಡ್ಡು ಅಲ್ಲಿಗ್ಯಾಕೆ ಅಂತ ಜಗಳ ಆಡಿದವರೂ ಇದ್ದರು. ಜಗಳ ಆದರೂ ಮಾತು ನಂದಿನಿದೇ.

ಹೊರಗಿನಿಂದ ನೋಡಿದರೆ ಒಂದು ಜೆರ್ಸಿ ಹಾಕಿ ವೈರಲ್ ಆದರು ಅನ್ನಿಸುತ್ತೆ. ಆದರೆ ಆ ಜೆರ್ಸಿ ಮೇಲೆ ಯಾವುದೋ ಹೊಸ ಹಾಲಿನ ಹೆಸರಿದ್ದಿದ್ದರೆ ಯಾರು ಕ್ಯಾರೇ ಅಂತಿದ್ರು? ಕೆಎಂಎಫ್ ಕತೆ ಶುರುವಾಗಿದ್ದು 1974ರಲ್ಲಿ. ದಿನಾ ಬೆಳಿಗ್ಗೆ ನಾವು ಕಣ್ಣು ಬಿಡೋ ಮೊದಲೇ ಬಾಗಿಲಲ್ಲಿ ಬಿದ್ದಿರೋ ವಸ್ತು ಅದು. ನಮ್ಮ ಮನೇಲಿ ಹಾಲು ಅನ್ನಲ್ಲ, ‘ಒಂದು ನಂದಿನಿ ತಗೊಂಡ್ ಬಾ’ ಅಂತಾರೆ. ಡಾ. ರಾಜ್‌ಕುಮಾರ್ ಜಾಹೀರಾತುಗಳಿಂದ ದೂರವೇ ಇದ್ದವರು, ನಂದಿನಿಗೆ ಮಾತ್ರ ಬಂದರು, ಅದೂ ಸಂಭಾವನೆ ಇಲ್ಲದೆ. ಪುನೀತ್ ಕೂಡ ಹಾಗೇ ಮಾಡಿದರು. ಆಮೇಲೆ ಶಿವರಾಜ್‌ಕುಮಾರ್.

ಈ ಎಲ್ಲದರ ಬೆಲೆ ಗೊತ್ತಾಗಿದ್ದು 2023ರಲ್ಲಿ. ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಹಾಕಬೇಕು ಅನ್ನೋ ಎಫ್‌ಎಸ್‌ಎಸ್‌ಎಐ ಸೂಚನೆ ಬಂದು, ಗಲಾಟೆಯಾಗಿ, ಆ ತಿಂಗಳು ಮುಗಿಯೋದರೊಳಗೆ ಬದಲಾಯ್ತು. ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ತಾಜಾ ಹಾಲು ತರ್ತೀವಿ ಅಂದಾಗ ಜನ ತಾವಾಗೇ ನಂದಿನಿ ಪರ ನಿಂತರು. ಚುನಾವಣೆ ಹತ್ತಿರ ಇತ್ತು, ರಾಜಕೀಯವೂ ಸೇರಿಕೊಳ್ತು, ಅದು ಬೇರೆ ಮಾತು. ಸ್ಕಾಟ್ಲೆಂಡ್ ಜೆರ್ಸಿ ಬಂದಿದ್ದು ಇದಾಗಿ ಒಂದು ವರ್ಷಕ್ಕೆ. ಒಲೆ ಕಾದಿತ್ತು, ರೊಟ್ಟಿ ಹಾಕಿದರು ಅಷ್ಟೆ.

ಅಮುಲ್ಲನ್ನ ಬೈದು ಮುಂದೆ ಹೋಗೋ ಹಾಗೂ ಇಲ್ಲ. ಮೊದಲೇ ತಯಾರಾಗೋದು ಅಂದ್ರೆ ಏನು ಅಂತ ಅವರನ್ನ ನೋಡಿ ಕಲೀಬೇಕು. ಆ ಚುಕ್ಕೆ ಫ್ರಾಕಿನ ಹುಡುಗಿ 1966ರಿಂದ ಇದ್ದಾಳೆ. ಹುಡುಗಿ ಅವಳೇ, ಬೋರ್ಡಿನ ನಮೂನೆ ಅದೇ. ದೇಶದಲ್ಲಿ ಏನೇ ಆಗಲಿ, ಆ ಸುದ್ದಿಯನ್ನ ಖಾಲಿ ಜಾಗಕ್ಕೆ ಹಾಕಿದರೆ ಮುಗೀತು. ನಮ್ಮ ಕೆಲಸದಲ್ಲೂ ಅಷ್ಟೇ, ರಿಲೀಸ್ ದಿನ ಕೂತು ಕೋಡ್ ಬರೆಯೋನು ಉದ್ಧಾರ ಆಗಿದ್ದನ್ನ ನಾನಂತೂ ನೋಡಿಲ್ಲ.

ಇನ್ನೊಂದು ಕಷ್ಟದ ವಿಷಯ ಇದೆ. ಜನ ನಿಮ್ಮ ಬ್ರ್ಯಾಂಡನ್ನ ತಮ್ಮದು ಅಂದುಕೊಂಡ ಮೇಲೆ ಅದು ಪೂರ್ತಿ ನಿಮ್ಮ ಕೈಯಲ್ಲಿ ಇರಲ್ಲ. ‘ಈ ಸಲ ಕಪ್ ನಮ್ದೇ’ ಅನ್ನೋದನ್ನ ಊರೂರಿಗೆ ಮುಟ್ಟಿಸಿದ್ದು ಆರ್‌ಸಿಬಿ ಅಭಿಮಾನಿಗಳು. ಸೋತಾಗ ಅದೇ ಮಾತಿನಲ್ಲಿ ತಂಡವನ್ನ ಆಡಿಕೊಂಡವರೂ ಅವರೇ. ತಂಡ ಮುನಿಸಿಕೊಂಡು ಅದನ್ನ ದೂರ ಇಡಲಿಲ್ಲ. 2024ರ ಮಾರ್ಚ್‌ನಲ್ಲಿ ಮಹಿಳಾ ತಂಡ ಕಪ್ ಗೆದ್ದಾಗ ಸ್ಮೃತಿ ಮಂಧಾನ ‘ನಮ್ದೇ’ ಅನ್ನೋದನ್ನ ‘ನಮ್ದು’ ಮಾಡಿದರು. ಮಹಾರಾಷ್ಟ್ರದ ಹುಡುಗಿ ಬಾಯಲ್ಲಿ ಆ ಒಂದು ಅಕ್ಷರದ ವ್ಯತ್ಯಾಸ ಕೇಳಿ ನನಗೆ ಮೈ ಜುಮ್ ಅಂದಿತ್ತು. ಇದಕ್ಕೆ ಉಲ್ಟಾ, 2025ರಲ್ಲಿ ಮೈಸೂರ್ ಸ್ಯಾಂಡಲ್ ಸೋಪಿಗೆ ತಮನ್ನಾ ಅವರನ್ನ ಎರಡು ವರ್ಷಕ್ಕೆ 6.20 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ ಕನ್ನಡದವರು ಯಾರೂ ಸಿಗಲಿಲ್ವಾ ಅಂತ ಜನ ಸಿಟ್ಟಾದರು. ಹೊರ ರಾಜ್ಯಗಳಲ್ಲೂ ಮಾರುಕಟ್ಟೆ ಬೆಳೀಬೇಕು ಅನ್ನೋದು ಸರ್ಕಾರದ ಲೆಕ್ಕ. ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ಆದರೆ 1916ರಿಂದ ಬಂದ ಸೋಪು, ಅಜ್ಜಿ ಟ್ರಂಕಿನಲ್ಲಿ ಸೀರೆ ನಡುವೆ ಇಡ್ತಿದ್ದ ಸೋಪು. ಅದರ ವಿಷಯದಲ್ಲಿ ಮನೆಯವರನ್ನ ಒಂದು ಮಾತು ಕೇಳಬೇಕಿತ್ತು ಅಂತ ಅನ್ನಿಸೋದು ಸಹಜ.

‘ಅವೆಲ್ಲ ದೊಡ್ಡವರ ಮಾತಾತು. ನನ್ನ ಮಣೂಕಕ್ಕ ಏನ್ ಮಾಡ್ಲಿ ಹೇಳು’ ಅಂದ ತಮ್ಮ. ನ್ಯಾಯವೇ.

ನಾನು ಕೇಳಿದ್ದು ಒಂದೇ: ನಮ್ಮ ಕಡೆ ಮಣೂಕ ಯಾವಾಗ ಮನೆಗೆ ಬರುತ್ತೆ? ಅವನು ಬೆರಳು ಎಣಿಸಿದ. ಶೀರಾಕ್ಕೆ, ಬುಂದಿ ಉಂಡಿಗೆ. ಆಮೇಲೆ ಬಾಣಂತಿಗೆ ಮಾಡೋ ಅಂಟಿನ ಉಂಡಿಗೆ. ಅಲ್ಲೇ ನಿಂತ್ಕೋ ಅಂದೆ. ಯಾವ ಮನೆಯಲ್ಲಿ ಮಗು ಹುಟ್ಟಿದರೂ ಅಂಟಿನ ಉಂಡಿ ಕಟ್ತಾರೆ, ಮಗಳು ಪುಣೆಯಲ್ಲಿದ್ದರೂ ಡಬ್ಬಿ ಕಳಿಸ್ತಾರೆ. ಆ ಉಂಡಿಗೆ ಬೇಕಾದಷ್ಟೇ ತೂಕದ ಒಂದು ಪ್ಯಾಕೆಟ್ ಮಾಡು. ಕನ್ನಡದಲ್ಲಿ ದೊಡ್ಡದಾಗಿ ಹೆಸರು, ಕೆಳಗೆ ಊರು. ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ಅಂಟು, ಕೊಬ್ಬರಿ ಮಾರೋ ಅಂಗಡಿಗಳಿಗೆ ಮೊದಲು ಕೊಡು, ಉದ್ರಿಯಾದರೂ ಸರಿ. ಮಾಲು ಬೇಸಿಗೆಗೇ ಶೆಡ್ಡಿನಿಂದ ಇಳಿಯುತ್ತೆ, ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ. ನಡುವೆ ಶ್ರಾವಣ, ಗಣಪತಿ, ದೀಪಾವಳಿ ಎಲ್ಲಾ ಬರ್ತಾವೆ. ಅಷ್ಟರೊಳಗೆ ನಾಲ್ಕು ಮನೆಯ ಹೆಣ್ಣುಮಕ್ಕಳು ಅಂಗಡಿಗೆ ಬಂದು ಹೆಸರು ಹೇಳಿ ಕೇಳಿದರೆ, ಜಾತ್ರೆ ಹೊತ್ತಿಗೆ ರೀಲ್ಸ್ ಮಾಡಿಸು. ಆ ದುಡ್ಡು ನಾನೇ ಕೊಡ್ತೀನಿ.

ಕೊನೇ ಮಾತು ಸ್ವಲ್ಪ ಜೋರಾಯ್ತು ಅಂತ ಬೆಂಗಳೂರು ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು. ತಮ್ಮ ಮಾತ್ರ ಅದನ್ನ ಮರೆತಿಲ್ಲ.

ಮೊನ್ನೆ ಫೋನ್ ಮಾಡಿದ್ದ. ರೀಲ್ಸಿನವನಿಗೆ ‘ಆಮೇಲೆ ಹೇಳ್ತೀನಿ’ ಅಂದಿದ್ದಾನಂತೆ. ಹೆಸರಿಗೆ ಮನೆಯಲ್ಲಿ ಜಗಳ ನಡೆದಿದೆ. ಇವನಿಗೆ ‘ಗೋಲ್ಡನ್’ ಅಂತ ಏನಾದರೂ ಇಂಗ್ಲಿಷ್ ಬೇಕು. ಕಾಕಾ, ‘ಟಿಕೋಟಾ ಮಣೂಕ ಅಂತ ಬರೀರಿ, ಇಷ್ಟು ವರ್ಷ ಸಾಂಗ್ಲಿಯವರ ಹೆಸರಿಗೆ ಮಾರಿದ್ದು ಸಾಕು’ ಅಂತಿದ್ದಾರೆ. ನಾನು ಕಾಕಾನ ಕಡೆ. ಕಾಕೂ ಇನ್ನೂ ಬಾಯಿ ಬಿಟ್ಟಿಲ್ಲ.