ವೀಲ್‌ಚೇರ್ ಕಾಲಿಗೋ, ಮಾತಿಗೋ?

ಕಾಲು ಮುರಿದವರ ಪಾಡು ಒಂದು ಲೆಕ್ಕಕ್ಕೆ ಸಲೀಸು. ಎಕ್ಸ್‌ರೇ ಇರುತ್ತದೆ, ಪ್ಲಾಸ್ಟರ್ ಇರುತ್ತದೆ, ನೋಡಲು ಬಂದವರು ಹಣ್ಣು ತಂದಿರುತ್ತಾರೆ. ವಿದೇಶದ ಟಿಕೆಟ್ ಮುಂದಕ್ಕೆ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ. ಫಜೀತಿ ಇರುವುದು ಕಾಲು ಉಳುಕಿದವರದು. ಅವರ ನೋವಿಗೆ ಸಾಕ್ಷಿಯೇ ಇಲ್ಲ. ‘ಎರಡು ದಿನಕ್ಕೆ ಇಳೀತೈತೆ ಬಿಡು’ ಎಂದು ಮನೆಯವರು ಅನ್ನುತ್ತಾರೆ, ನೋವಿದ್ದವರೂ ಅದನ್ನೇ ಅನ್ನುತ್ತಾರೆ. ಅಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ.

ಬಳ್ಳಾರಿ ಹತ್ತಿರದ ಹಲಕುಂದಿಯಲ್ಲಿ ನನಗೆ ಗೊತ್ತಿರುವ ಮನೆಯೊಂದರಲ್ಲಿ ಆದದ್ದು ಇದೇ. ಮಗಳು ಅಮೆರಿಕದಲ್ಲಿ ತುಂಬು ಬಸುರಿ. ಬಾಣಂತನಕ್ಕೆಂದು ತಾಯಿ ಹೊರಟಿದ್ದರು. ವೀಸಾ ಸಿಕ್ಕಿತ್ತು, ಟಿಕೆಟ್ ಆಗಿತ್ತು, ಅಂಟಿನುಂಡಿಗೆ ಒಣಕೊಬ್ಬರಿ ತುರಿದಾಗಿತ್ತು. ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಮೊರದಲ್ಲಿ ಹಿಡಿದುಕೊಂಡು ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಬಲಗಾಲು ಹೊರಳಿತು. ಸಂಜೆಗೆ ಗಿಣ್ಣು ಕಾಣದಷ್ಟು ಊದಿಕೊಂಡಿತು. ವಿಡಿಯೊ ಕಾಲ್‌ನಲ್ಲಿ ಮಗಳು, ‘ಅವ್ವಾ, ವೀಲ್‌ಚೇರ್ ಹಾಕಿಸ್ತೀನಿ’ ಅಂದಳು. ‘ಬ್ಯಾಡವ್ವ, ನಾನೇನು ಕುಂಟಿನಾ? ವಿಮಾನದಾಗ ನಮ್ಮ ಕಡೆ ಮಂದಿ ಯಾರನ ಇದ್ರೆ ಏನಂದ್ಕೊಂಡಾರು!’ ಎಂದು ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟರು.

ತಮಾಷೆಯೆಂದರೆ, ಅದೇ ಓಣಿಯ ಇನ್ನೊಬ್ಬರು ಹಿಂದೊಮ್ಮೆ ಅಮೆರಿಕಕ್ಕೆ ಹೋಗಿ ಬಂದಿದ್ದರು. ದಿನಾ ಬೆಳಗ್ಗೆ ಹೊಲದ ತನಕ ನಡೆದುಹೋಗಿ ಬರುವ ಗಟ್ಟಿ ಕಾಲಿನವರು. ಅವರು ಹೋಗುವಾಗಲೂ ಬರುವಾಗಲೂ ವೀಲ್‌ಚೇರ್‌ನಲ್ಲೇ ಕೂತಿದ್ದರು. ಯಾಕೆಂದು ಕೇಳಿದರೆ, ‘ಇಂಗ್ಲಿಷ್ ಬರಲ್ಲಲ್ಲಪ್ಪ! ಕುಂತ್ರೆ ಅವರೇ ನೂಕ್ಕೊಂಡು ಹೋಗಿ ಬಿಡ್ತಾರೆ’ ಅನ್ನುತ್ತಿದ್ದರು. ಕಾಲು ಗಟ್ಟಿಯಿದ್ದವರು ಕೂತರು, ಕಾಲು ನೋಯುವವರು ನಡೆದರು. ನಮ್ಮ ವಿದೇಶ ಪ್ರಯಾಣದ ಕಥೆಯೆಲ್ಲ ಈ ತಲೆಕೆಳಗು ಲೆಕ್ಕದಲ್ಲಿದೆ.

ನಡೆಯುವುದು ಅಂದರೆ ಎಷ್ಟು ಎಂಬ ಅಂದಾಜು ಊರಲ್ಲಿ ಕೂತವರಿಗೆ ಸಿಗುವುದಿಲ್ಲ. ಹಲಕುಂದಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ ಹತ್ತಿರ ಹತ್ತಿರ 300 ಕಿಲೋಮೀಟರ್, ಕಾರಿನಲ್ಲಿ ಐದಾರು ಗಂಟೆ. ಕೆಂಪೇಗೌಡ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬಂದಿವೆ. ಆ ಕಟ್ಟಡದ ಒಟ್ಟು ವಿಸ್ತೀರ್ಣ ಸುಮಾರು 2.55 ಲಕ್ಷ ಚದರ ಮೀಟರ್, ನಮ್ಮ ಹೊಲದ ಭಾಷೆಯಲ್ಲಿ 63 ಎಕರೆ. ಅಲ್ಲಿ ಚೆಕ್-ಇನ್ ಸಾಲು, ಇಮಿಗ್ರೇಷನ್ ಸಾಲು, ಭದ್ರತಾ ತಪಾಸಣೆಯ ಸಾಲು ಮುಗಿಸಿ ಗೇಟಿನ ತನಕ ನಡೆಯಬೇಕು. ನಡುವೆ ದೋಹಾದಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಭದ್ರತಾ ತಪಾಸಣೆಯ ಸಾಲು, ಗೇಟಿನ ತನಕದ ನಡಿಗೆ ಮತ್ತೊಂದು ಸಲ. ಆಮೇಲೆ ಅಮೆರಿಕದ ಇಮಿಗ್ರೇಷನ್, ಲಗೇಜು.

ನಡೆದದ್ದಾಯಿತು, ಇನ್ನು ಕೂರುವುದು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ 2021ರ ಜನವರಿಯಲ್ಲಿ ನೇರ ವಿಮಾನ ಶುರುವಾದಾಗ ಅದರ ಹಾರಾಟ 16–17 ಗಂಟೆಯದು. ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಪೆಟ್ಟಾಗದ ಕಾಲೂ ಊದುತ್ತದೆ. ಹಲಕುಂದಿಯ ಆ ತಾಯಿ ವಿಮಾನ ಹತ್ತಿದವರೇ ಬೂಟು ಬಿಚ್ಚಿಟ್ಟರಂತೆ. ಇಳಿಯುವಾಗ ಅದು ಮತ್ತೆ ಕಾಲಿಗೆ ಹತ್ತಲಿಲ್ಲ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಸಾಕ್ಸ್. ಬಾಣಂತನ ಮಾಡಲು ಹೋದವರಿಗೆ ಮೊದಲ ವಾರ ಅಳಿಯನೇ ಬಾಣಂತನ ಮಾಡಿದ.

ಇದನ್ನು ನಗುತ್ತ ಹೇಳಬಹುದು, ಆದರೆ ನಗುವ ವಿಷಯವಲ್ಲದ್ದೂ ಇದರಲ್ಲಿದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕದಲದೆ ಕೂತು ಪ್ರಯಾಣ ಮಾಡಿದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ವರದಿ ಕೊಟ್ಟಿದೆ. ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರಿಗೆ ಆಗುವಂಥದ್ದು, ಹೆದರಿ ಮನೆಯಲ್ಲಿ ಕೂರಬೇಕಾದ್ದೇನಲ್ಲ. ಆದರೆ ಎರಡು ಮಾತು ನೆನಪಿರಲಿ. ಆ ಲೆಕ್ಕ ವಿಮಾನಕ್ಕಷ್ಟೇ ಅಲ್ಲ, ಕಾರು, ಬಸ್ಸು, ರೈಲಿಗೂ ಉಂಟು. ಅಂದರೆ ನಮ್ಮವರ ಗಡಿಯಾರ ದೇವನಹಳ್ಳಿಯಲ್ಲಲ್ಲ, ಹಲಕುಂದಿಯಲ್ಲೇ ಶುರು. ಎರಡನೆಯದಾಗಿ, ಕಾಲಿಗೆ ಪೆಟ್ಟಾಗಿದ್ದರೆ, ಅದರಲ್ಲೂ ಪ್ಲಾಸ್ಟರ್ ಹಾಕಿ ಕದಲದಂತೆ ಮಾಡಿದ್ದರೆ, ಅಪಾಯ ಇನ್ನೂ ಏರುತ್ತದೆ. ಉಳುಕಿದ ಕಾಲು ಹೇಗೂ ಊದಿರುವುದರಿಂದ ಮೀನಖಂಡದ ಹೊಸ ಊತವನ್ನೂ ಹಳೆಯ ಉಳುಕಿನ ಖಾತೆಗೇ ಬರೆದುಬಿಡುತ್ತೇವೆ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಊರು ಮುಟ್ಟಿ ವಾರ ಕಳೆದ ಮೇಲೂ ಇದು ಕಾಣಿಸಿಕೊಳ್ಳಬಹುದು.

ಅದಕ್ಕೂ ಮೊದಲು, ಉಳುಕು ಅಂದುಕೊಂಡದ್ದು ನಿಜಕ್ಕೂ ಉಳುಕೇ ಹೌದಾ ಎಂದು ನೋಡಿಕೊಳ್ಳಬೇಕಲ್ಲ? ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ರೂಪಿಸಿದ ಒಂದು ಸರಳ ನಿಯಮವಿದೆ, ಜಗತ್ತಿನಾದ್ಯಂತ ತುರ್ತು ಚಿಕಿತ್ಸೆಯವರು ಬಳಸುತ್ತಾರೆ. ಪೆಟ್ಟು ಬಿದ್ದ ಕೂಡಲೇ, ಆಮೇಲೆ ವೈದ್ಯರ ಮುಂದೆ, ಎರಡೂ ಸಲ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ ಎಕ್ಸ್‌ರೇ ಬೇಕು. ಕಾಲಿನ ಒಳ–ಹೊರ ಗಿಣ್ಣುಗಳ ಹಿಂಬದಿಯ ಎಲುಬನ್ನು ಒತ್ತಿದರೆ ನೋವಾಗುವುದಾದರೂ ಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನಲ್ಲಿ ಉಬ್ಬಿರುವ ಎಲುಬನ್ನು ಒತ್ತಿದರೆ ನೋವಾದರೂ ಅಷ್ಟೇ. ಇಷ್ಟು ಪರೀಕ್ಷೆಗೆ ಬೆಂಗಳೂರಿಗೆ ಓಡಬೇಕಿಲ್ಲ, ಬಳ್ಳಾರಿಯಲ್ಲೇ ಮೂಳೆ ವೈದ್ಯರಿದ್ದಾರೆ, ಹಿಂದೆ ವಿಮ್ಸ್ ಅನ್ನುತ್ತಿದ್ದ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿದೆ.

ಆದರೆ ನಮ್ಮ ಕಡೆ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ತಿರುಪತಿ ಕಡೆಯ ಪುತ್ತೂರಿನ ಈ ನಾಟಿ ಪದ್ಧತಿಯ ಬೋರ್ಡು ಕರ್ನಾಟಕದ ಊರೂರಲ್ಲೂ ಕಾಣುತ್ತದೆ. ಸೊಪ್ಪಿನ ಲೇಪ, ಮೊಟ್ಟೆ, ಬಿದಿರಿನ ದಬ್ಬೆ, ಮೇಲೆ ಬಿಗಿಯಾಗಿ ಬಟ್ಟೆ. ಅದರ ಗುಣ–ದೋಷದ ಚರ್ಚೆ ಇಲ್ಲಿ ಬೇಡ. ವಿಮಾನ ಹತ್ತುವವರಿಗೆ ಮಾತ್ರ ಒಂದು ಮಾತು ಹೇಳಲೇಬೇಕು. ಬಿಗಿಯಾದ ಕಟ್ಟಿನೊಳಗೆ ಕಾಲು ಊದಿದರೆ ರಕ್ತ ಸಂಚಾರ ನಿಲ್ಲುವ ಭಯವಿದೆ, ಬಿಚ್ಚುವವರು ಆಕಾಶದಲ್ಲಿ ಸಿಗುವುದಿಲ್ಲ. ಆಸ್ಪತ್ರೆಯ ಪ್ಲಾಸ್ಟರ್‌ಗೂ ಇದೇ ಕಟ್ಟಳೆ. ಹೊಸ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಎರಡು ಗಂಟೆಯೊಳಗಿನ ಹಾರಾಟಕ್ಕೆ 24 ಗಂಟೆ, ಅದಕ್ಕಿಂತ ದೀರ್ಘ ಹಾರಾಟಕ್ಕೆ 48 ಗಂಟೆ ಕಾಯಿಸುವುದು ವಿಮಾನ ಕಂಪನಿಗಳ ಸಾಮಾನ್ಯ ರೂಢಿ. ತುರ್ತಿದ್ದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಂಡು, ವೈದ್ಯರ ಪತ್ರ ಹಿಡಿದು ಹೋಗಬೇಕು.

ಈಗ ವೀಲ್‌ಚೇರ್ ವಿಷಯಕ್ಕೆ ಬರೋಣ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಲ್ಲಿ ‘ಓಡಾಟ ಕಡಿಮೆಯಾದ ಪ್ರಯಾಣಿಕರು’ ಎಂಬ ವ್ಯಾಖ್ಯೆಯಿದೆ. ಶಾಶ್ವತ ತೊಂದರೆಯಷ್ಟೇ ಅಲ್ಲ, ತಾತ್ಕಾಲಿಕ ತೊಂದರೆಯೂ ಅದರಲ್ಲಿ ಸೇರಿದೆ. ಐರೋಪ್ಯ ಒಕ್ಕೂಟದ 2006ರ ನಿಯಮವೂ ಇದನ್ನೇ ಹೇಳುತ್ತದೆ. ಅಂದರೆ ಉಳುಕಿದ ಕಾಲಿಗೆ ವೀಲ್‌ಚೇರ್ ಕೇಳುವುದು ಹಕ್ಕು. ಹೊರಡುವ 48 ಗಂಟೆ ಮೊದಲೇ ತಿಳಿಸಬೇಕು, ಅಷ್ಟೇ. ಕೇಳುವಾಗಲೂ ಮೂರು ಬಗೆಯಿವೆ, ಮೂರಕ್ಕೂ ಬುಕಿಂಗಿನಲ್ಲಿ ಬೇರೆ ಬೇರೆ ಸಂಕೇತ. ದೂರ ನಡೆಯಲಾರೆ ಆದರೆ ಮೆಟ್ಟಿಲು ಹತ್ತಬಲ್ಲೆ ಅನ್ನುವವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದು, ವಿಮಾನದೊಳಗೆ ಸೀಟಿನ ತನಕ ನಡೆಯಬಲ್ಲೆ ಅನ್ನುವವರಿಗೆ ಡಬ್ಲ್ಯುಸಿಎಚ್‌ಎಸ್. ಸೀಟಿನ ತನಕವೂ ನಡೆಯಲಾರದವರಿಗೆ ಡಬ್ಲ್ಯುಸಿಎಚ್‌ಸಿ. ಟ್ರಾವೆಲ್ ಏಜೆಂಟರು ಸಾಮಾನ್ಯವಾಗಿ ಮೊದಲನೆಯದನ್ನು ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಬಸ್ಸಿನಲ್ಲಿ ವಿಮಾನದ ಬುಡಕ್ಕೆ ಕರೆದೊಯ್ದು ಏಣಿ ತೋರಿಸಿದಾಗ ಕಾಲು ನೋಯುವವರಿಗೆ ಅದರ ಬಿಸಿ ಮುಟ್ಟುತ್ತದೆ.

ಹಕ್ಕಿದೆ ಸರಿ, ಕುರ್ಚಿ ಇದೆಯೇ? 2024ರ ಫೆಬ್ರುವರಿ 12ರಂದು ನ್ಯೂಯಾರ್ಕಿನಿಂದ ಮುಂಬೈಗೆ ಬಂದ ಏರ್ ಇಂಡಿಯಾ ವಿಮಾನದಲ್ಲಿ 80 ವರ್ಷದ ಹಿರಿಯರೊಬ್ಬರೂ ಅವರ ಹೆಂಡತಿಯೂ ಇದ್ದರು. ಇಬ್ಬರಿಗೂ ವೀಲ್‌ಚೇರ್ ಮೊದಲೇ ಕೇಳಲಾಗಿತ್ತು, ಇಳಿದಾಗ ಸಿಕ್ಕಿದ್ದು ಒಂದೇ. ಹೆಂಡತಿಯನ್ನು ಕೂರಿಸಿ ಹಿಂದೆ ನಡೆದು ಬಂದ ಆ ಹಿರಿಯರು ಇಮಿಗ್ರೇಷನ್ ಬಳಿ ಕುಸಿದರು, ಬದುಕಲಿಲ್ಲ. ಬೇಡಿಕೆ ಹೆಚ್ಚಿತ್ತು, ಕಾಯಲು ಹೇಳಿದ್ದೆವು, ಅವರೇ ನಡೆದರು ಎಂದು ಕಂಪನಿ ಹೇಳಿತು. ಮಹಾನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಹಾಕಿದ್ದು ಸರಿಯೇ. ಆದರೆ ಅಷ್ಟೊಂದು ಬೇಡಿಕೆ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ನಾವು ನಮಗೂ ಕೇಳಿಕೊಳ್ಳಬೇಕು.

ಅಮೆರಿಕಕ್ಕೆ ಹೊರಡುವ ಯಾವುದೇ ವಿಮಾನದ ಗೇಟಿನ ಮುಂದೆ ನಿಂತು ನೋಡಿ, ವೀಲ್‌ಚೇರ್‌ಗಳ ಸಾಲಿರುತ್ತದೆ. ಅದರಲ್ಲಿ ಮಂಡಿ ಸವೆದವರಿದ್ದಾರೆ, ಹೃದಯದ ತೊಂದರೆಯವರಿದ್ದಾರೆ. ಭಾಷೆಯ ಭಯಕ್ಕೆ ಕೂತವರೂ ಇದ್ದಾರೆ. ಇವರನ್ನು ಕಳ್ಳರೆಂದು ಬೈಯುವುದು ಸುಲಭ, ನನಗೆ ಮನಸ್ಸು ಬರುವುದಿಲ್ಲ. ಕುರುಗೋಡು, ಸಿರುಗುಪ್ಪದಂಥ ಅಕ್ಕಪಕ್ಕದ ಊರು ಬಿಟ್ಟು ಹೊರಗೆ ಹೋಗದ ಹೆಂಗಸೊಬ್ಬಳನ್ನು ಮಕ್ಕಳು ಒಂಟಿಯಾಗಿ ಮೂರು ದೇಶ ದಾಟಿಸುತ್ತಾರೆ. ಗೇಟ್ ಬದಲಾದದ್ದು ಆಕೆಗೆ ಹೇಗೆ ತಿಳಿಯಬೇಕು? ‘ಎಷ್ಟು ದಿನ ಇರ್ತೀರಿ?’ ಎಂದು ಅಧಿಕಾರಿ ಕೇಳಿದರೆ ಏನೆನ್ನಬೇಕು? ಆ ಅಂಜಿಕೆಗೆ ಇಡೀ ವ್ಯವಸ್ಥೆಯಲ್ಲಿ ಸಿಕ್ಕ ಮದ್ದು ಒಂದೇ, ಚಕ್ರವಿರುವ ಕುರ್ಚಿ. ಆಕೆಗೆ ಬೇಕಾದದ್ದು ಜತೆಗೊಬ್ಬ ಮನುಷ್ಯ, ಸಿಕ್ಕಿದ್ದು ಗಾಲಿ. ಆ ಗಾಲಿ ಬೇಕಾಗಿದ್ದ ಉಳುಕು ಕಾಲಿನವಳು ನಾಚಿಕೊಂಡು ನಡೆದಳು, ಇಲ್ಲವೇ ಸಾಲಿನಲ್ಲಿ ಕಾದಳು.

ದಾರಿ ಇಲ್ಲದಿಲ್ಲ. ಟಿಕೆಟ್ ಬುಕಿಂಗಿನಲ್ಲಿ ‘ಮೀಟ್ ಆ್ಯಂಡ್ ಅಸಿಸ್ಟ್’ ಎಂಬ ಇನ್ನೊಂದು ಕೋರಿಕೆಯಿದೆ, ಅದರ ಸಂಕೇತ ಎಂಎಎಎಸ್. ನಡೆಯಬಲ್ಲ, ಆದರೆ ಕೈ ಹಿಡಿದು ದಾರಿ ತೋರಿಸಬೇಕಾದ ಪ್ರಯಾಣಿಕರಿಗಾಗಿ ಇರುವುದು ಇದು. ಮಕ್ಕಳು ಟಿಕೆಟ್ ಮಾಡುವಾಗ ವೀಲ್‌ಚೇರ್ ಬದಲು ಇದನ್ನು ಕೇಳಿ ನೋಡಲಿ. ಎಲ್ಲ ಕಂಪನಿಗಳೂ ಇದನ್ನು ಒಂದೇ ರೀತಿ ನಡೆಸುವುದಿಲ್ಲ. ಅದಕ್ಕೇ ಇಂಥ ನೆರವಿಗಾಗಿ ಬೆಂಗಳೂರಿನಲ್ಲಿ ನಾವು ಒತ್ತಾಯ ಮಾಡಬೇಕು. ಹೊರಗೆ ಕಾಣದ ತೊಂದರೆಯಿರುವವರಿಗೆಂದು 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ ಶುರುವಾದ ಸೂರ್ಯಕಾಂತಿ ಕೊರಳಪಟ್ಟಿ ಬೆಂಗಳೂರು ನಿಲ್ದಾಣಕ್ಕೂ ಬಂದಿದೆ. ಅದನ್ನು ತಂದವರಿಗೆ, ಕನ್ನಡ ಮಾತ್ರ ಬರುವ ಹಿರಿಯರನ್ನು ಗುಂಪಾಗಿ ಗೇಟಿನ ತನಕ ಕರೆದೊಯ್ಯುವ ವ್ಯವಸ್ಥೆ ಮಾಡುವುದು ಕಷ್ಟವೇ? ರಾಜ್ಯ ಸರ್ಕಾರಕ್ಕೆ ಅನಿವಾಸಿ ಭಾರತೀಯ ಸಮಿತಿಯೇ ಇದೆ. ಹೂಡಿಕೆ ಮಾಡಿ ಎಂದು ಮಕ್ಕಳನ್ನು ಕರೆಯುವುದರ ಜತೆಗೆ ಅವರ ಅಪ್ಪ–ಅಮ್ಮಂದಿರ ಈ ಕಷ್ಟಕ್ಕೂ ಅದು ತಲೆ ಹಾಕಲಿ.

ನೋವಿಟ್ಟುಕೊಂಡು ಹೊರಡಲೇಬೇಕಾದವರಿಗೆ ಇನ್ನು ಕೆಲವು ಮಾತು. ಕಾಲು ಚಾಚಲು ಜಾಗ ಸಿಗುತ್ತದೆಂದು ತುರ್ತು ಬಾಗಿಲ ಪಕ್ಕದ ಸೀಟಿಗೆ ಆಸೆ ಪಡಬೇಡಿ, ಕಾಲು ನೋಯುವವರನ್ನು ಅಲ್ಲಿ ಕೂರಿಸುವುದಿಲ್ಲ. ನಡುದಾರಿಯ ಪಕ್ಕದ ಸೀಟು ಹಿಡಿದು ಗಂಟೆಗೊಮ್ಮೆ ಪಾದ ಆಡಿಸಿ, ಆದಷ್ಟು ಎದ್ದು ನಿಲ್ಲಿ. ನಿದ್ದೆ ಮಾತ್ರೆ ಬೇಡ. ಊರುಗೋಲನ್ನು ವಿಮಾನದೊಳಗೆ ಒಯ್ಯಬಹುದು. ನೋವಿನ ಮಾತ್ರೆಯನ್ನು ಚೀಟಿಯ ಸಮೇತ ಇಟ್ಟುಕೊಳ್ಳಿ. ನಮ್ಮ ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಗುವುದೆಲ್ಲ ಹೊರದೇಶದಲ್ಲಿ ಸಲ್ಲುವುದಿಲ್ಲ. ಟ್ರಮಡಾಲ್, ಕೊಡೀನ್ ಯುಎಇಯಲ್ಲಿ ನಿಯಂತ್ರಿತ ಔಷಧಗಳು, ಮುಂಚೆಯೇ ಅನುಮತಿ ಬೇಕು. 2017ರಲ್ಲಿ ಈಜಿಪ್ಟಿಗೆ 290 ಟ್ರಮಡಾಲ್ ಮಾತ್ರೆ ಒಯ್ದ ಬ್ರಿಟಿಷ್ ಹೆಂಗಸಿಗೆ 3 ವರ್ಷ ಜೈಲಾಯಿತು. ವಿಮೆಯ ಕಾಗದದಲ್ಲಿ ಹಳೆಯ ಗಾಯದ ಬಗ್ಗೆ ಏನು ಬರೆದಿದೆ ಎಂದು ಹೊರಡುವ ಮುಂಚೆ ಓದಿಸಿಕೊಳ್ಳಿ. ಪಾಲಿಸಿಗೆ ಮುಂಚಿನ ಪೆಟ್ಟಿಗೆ ಬಹಳಷ್ಟು ಕಂಪನಿಗಳು ಹಣ ಕೊಡುವುದಿಲ್ಲ.

ಇಷ್ಟೆಲ್ಲಕ್ಕೂ ಮೊದಲು ಬಾಯಿ ಬಿಡಬೇಕು. ಕಾಲು ನೋಯುತ್ತಿದ್ದರೆ ಕಾಲು ನೋಯುತ್ತದೆ ಎನ್ನಿ, ಭಾಷೆ ಬಾರದಿದ್ದರೆ ಭಾಷೆ ಬಾರದು ಎನ್ನಿ. ಎರಡರಲ್ಲೂ ಅವಮಾನವಿಲ್ಲ. ಒಂದನ್ನು ಮುಚ್ಚಿಟ್ಟು ಇನ್ನೊಂದರ ಹೆಸರು ಹೇಳಿದಾಗಲೇ ಕುರ್ಚಿ ತಪ್ಪು ಜಾಗಕ್ಕೆ ಹೋಗುವುದು. ಮಕ್ಕಳೂ ಅಷ್ಟೇ. ‘ಏನಾಗಿಲ್ಲ ಬಿಡು’ ಎಂದು ಅವ್ವ ಅಂದ ಮಾತ್ರಕ್ಕೆ ನಂಬಬೇಡಿ. ನಾಲ್ಕು ಹೆಜ್ಜೆ ನಡೆದು ತೋರಿಸು ಎನ್ನಿ. ನಡೆಯಲಾಗದಿದ್ದರೆ ಟಿಕೆಟ್ಟಿನ ತಾರೀಖು ಬದಲಿಸಿ.