ಉಪ್ಪು ನೀರು ಕುಡಿದ ಬೈಕನ್ನು ಯಾರ ತಲೆಗೆ ಕಟ್ಟುವುದು?

ಮತ್ತೆ ಮಳೆಗಾಲ ಹತ್ತಿರ ಬಂತು. ಕಡಲ ಬದಿಯ ನಮ್ಮ ಮನೆಗಳಲ್ಲಿ ಈಗಲೇ ಒಂದು ಹೆದರಿಕೆ ಶುರುವಾಗಿರುತ್ತದೆ. ಹಾಗಾಗಿ ನಮ್ಮ ಕುಟುಂಬದಲ್ಲೇ ನಡೆದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಹೇಳಲು ನಾಚಿಕೆಯೂ ಉಂಟು. ಆದರೆ ಹೇಳದೆ ಇದ್ದರೆ ಪ್ರಯೋಜನ ಇಲ್ಲ.

2021ರ ಮೇ ತಿಂಗಳು. ಪೆರ್ನಾಲ್ ಕಳೆದ ಬೆನ್ನಿಗೇ ತೌಕ್ತೆ ಚಂಡಮಾರುತ ಬಂತು. ಉಳ್ಳಾಲ, ಸೋಮೇಶ್ವರ, ಉಚ್ಚಿಲ ಕಡೆ ಕಡಲು ಉಕ್ಕಿ ಅಂಗಳಕ್ಕೆ ನುಗ್ಗಿತು. ನನ್ನ ತಂಗಿಯ ಮನೆಗೂ ನೀರು ಬಂತು. ಮನೆ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಅಂಗಳದಲ್ಲಿ ನಿಲ್ಲಿಸಿದ್ದ ಅವಳ ಮಗನ ಬೈಕು ಸೀಟಿನವರೆಗೆ ಉಪ್ಪು ನೀರಿನಲ್ಲಿ ಮುಳುಗಿತು. ಅವನು ದಕ್ಕೆಗೆ ಕೆಲಸಕ್ಕೆ ಹೋಗುತ್ತಿದ್ದದ್ದೇ ಆ ಬೈಕಿನಲ್ಲಿ. ಸಾಲ ಮಾಡಿ ತೆಗೆದದ್ದು. ಆಗ ಲಾಕ್‌ಡೌನ್ ಬೇರೆ, ಗ್ಯಾರೇಜುಗಳೆಲ್ಲ ಬಂದ್. ಹುಡುಗ ಬೈಕಿಗೆ ಒಂದು ಪ್ಲಾಸ್ಟಿಕ್ ಹೊದೆಸಿ ಗೋಡೆಗೆ ಒರಗಿಸಿ ಇಟ್ಟ. ವಾರಗಟ್ಟಲೆ ಹಾಗೆಯೇ ಉಳಿಯಿತು.

ನಾನು ಆಗ ಗೌರಿಬಿದನೂರು ತಾಲೂಕಿನ ನಗರಗೆರೆಯ ಮದ್ರಸದಲ್ಲಿ ಕಲಿಸುತ್ತಿದ್ದೆ. ಆಂಧ್ರದ ಗಡಿಗೆ ತಾಗಿದ ಊರು, ನಮ್ಮ ಕಡಲಿನಿಂದ 400 ಕಿಲೋಮೀಟರಿಗೂ ಮೇಲೆ. ಅಲ್ಲಿನವರು ನನ್ನನ್ನು ಉಸ್ತಾದ್ ಅನ್ನುವುದಿಲ್ಲ, ಹಜ್ರತ್ ಅನ್ನುತ್ತಾರೆ. ಅಲ್ಲಿನ ತೊಂದರೆ ನೀರು ಹೆಚ್ಚಾಗಿ ಬರುವುದಲ್ಲ, ಬೋರ್‌ವೆಲ್ ಎಷ್ಟು ಕೊರೆದರೂ ನೀರು ಸಿಗದೆ ಇರುವುದು. ಕಡಲನ್ನು ಜೀವಮಾನದಲ್ಲಿ ನೋಡದವರು ಎಷ್ಟೋ ಮಂದಿ ಇದ್ದಾರೆ.

ಲಾಕ್‌ಡೌನ್ ಸಡಿಲ ಆದ ಮೇಲೆ ಅಳಿಯನ ಫೋನ್ ಬಂತು. "ಮಾಮ, ಇಲ್ಲಿ ಯಾರಿಗೂ ಬೈಕು ಬೇಡ. ನೀರಿಗೆ ಬಿದ್ದದ್ದು ಅಂತ ಎಲ್ಲರಿಗೂ ಗೊತ್ತುಂಟು. ಪೇಂಟ್ ಮಾಡಿಸಿ, ಹೇಗಾದರೂ ಸ್ಟಾರ್ಟ್ ಮಾಡಿಸಿ ಲಾರಿಯಲ್ಲಿ ಕಳಿಸ್ತೇನೆ. ನಿಮ್ಮ ಕಡೆ ಯಾರಿಗಾದ್ರೂ ಕೊಟ್ಟುಬಿಡಿ."

ಅದೇ ವಾರ ನನ್ನ ಹತ್ತಿರ ಓದುವ ಒಬ್ಬ ಹುಡುಗನ ತಂದೆ ಕೇಳಿದ್ದರು, "ಹಜ್ರತ್, ಒಂದು ಹಳೇ ಗಾಡಿ ಬೇಕಿತ್ತು. ನಿಮ್ಮೂರ ಕಡೆ ಯಾವುದಾದರೂ ಇದ್ದರೆ ಹೇಳಿ." ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನ್ ಒಯ್ಯಬೇಕು, ವಾರಕ್ಕೊಮ್ಮೆ ಹಿಂದೂಪುರಕ್ಕೆ ಹೋಗಬೇಕು. ನಾನು ಹೇಳಿದರೆ ಮುಗಿಯಿತು, ಅವರು ಪರೀಕ್ಷೆಯನ್ನೂ ಮಾಡುತ್ತಿರಲಿಲ್ಲ.

ಸತ್ಯ ಹೇಳುತ್ತೇನೆ, ಎರಡು ದಿನ ನಾನು ಇಲ್ಲ ಅನ್ನಲಿಲ್ಲ. ತಂಗಿಯ ಮನೆಯ ಕಷ್ಟ ಕಣ್ಣ ಮುಂದೆ ಇತ್ತು. ಹಳೇ ಗಾಡಿ ಅಂದರೆ ಹಳೇ ಗಾಡಿಯೇ ಅಲ್ವಾ, ನೋಡಿ ತೆಗೆದುಕೊಳ್ಳುವುದು ತೆಗೆದುಕೊಳ್ಳುವವನ ಕೆಲಸ ಅಂತ ಮನಸ್ಸು ಹೇಳುತ್ತಿತ್ತು.

ಮೂರನೇ ದಿನ ಊರಿನ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಉಂಟು. ನೀರು ಆರುತ್ತದೆ, ಉಪ್ಪು ಹೋಗುವುದಿಲ್ಲ. ಅದು ಗಾಳಿಯ ತೇವವನ್ನು ಎಳೆದುಕೊಂಡು ಒಳಗೇ ಕಬ್ಬಿಣವನ್ನು ತಿನ್ನುತ್ತಾ ಇರುತ್ತದೆ. ವೈರಿನ ಪ್ಲಾಸ್ಟಿಕ್ ಒಳಗೆ ತಾಮ್ರ ಹಸಿರಾಗುತ್ತದೆ. ಚಕ್ರದ ಬೇರಿಂಗ್, ಹ್ಯಾಂಡಲಿನ ಬೇರಿಂಗ್, ಬ್ರೇಕ್ ಒಳಗಿನ ಸ್ಪ್ರಿಂಗ್ ಎಲ್ಲಕ್ಕೂ ತುಕ್ಕು. ಪೇಂಟ್ ಹೊಡೆದು ಸ್ಟಾರ್ಟ್ ಮಾಡಿ ತೋರಿಸಬಹುದು. ಆದರೆ ಕತ್ತಲೆಯಲ್ಲಿ ಯಾವಾಗ ಲೈಟ್ ಹೋಗುತ್ತದೆ, ಯಾವ ತಿರುವಿನಲ್ಲಿ ಬ್ರೇಕ್ ಕೈಕೊಡುತ್ತದೆ ಅಂತ ಹೇಳಲು ಆಗುವುದಿಲ್ಲ.

ಹಾಲಿನ ಕ್ಯಾನ್ ಕಟ್ಟಿಕೊಂಡು ನಸುಕಿನಲ್ಲಿ ಹೋಗುವ ಆ ಮನುಷ್ಯನ ನೆನಪಾಯಿತು. ಅವರು ನೋಡಿ ತೆಗೆದುಕೊಳ್ಳಬಹುದಿತ್ತು ಅನ್ನುವ ಮಾತಿಗೆ ಬೆಲೆ ಇಲ್ಲ ಅಂತ ಆಗ ಗೊತ್ತಾಯಿತು. ನಗರಗೆರೆಯವರು ಹಳೇ ಗಾಡಿಯಲ್ಲಿ ಟಯರ್ ನೋಡುತ್ತಾರೆ, ಹೊಗೆ ನೋಡುತ್ತಾರೆ, ಇಂಜಿನ್ ಶಬ್ದ ಕೇಳುತ್ತಾರೆ. ಉಪ್ಪನ್ನು ಅವರು ಏಕೆ ಹುಡುಕುತ್ತಾರೆ? ಉಳ್ಳಾಲದವನಿಗೆ ಮೋಸ ಮಾಡಲು ಆಗುವುದಿಲ್ಲ, ಅವನಿಗೆ ಕಡಲು ಗೊತ್ತು. ಗೊತ್ತಿಲ್ಲದವನನ್ನು ಹುಡುಕಿಕೊಂಡು 400 ಕಿಲೋಮೀಟರ್ ಹೋಗುವುದು ವ್ಯಾಪಾರ ಅಲ್ಲ.

ಸಹೀಹ್ ಮುಸ್ಲಿಮಿನಲ್ಲಿ ಬರುವ ಒಂದು ಹದೀಸನ್ನು ಮಕ್ಕಳಿಗೆ ವರ್ಷವೂ ಕಲಿಸುತ್ತೇನೆ. ಪ್ರವಾದಿಯವರು (ಸ.ಅ.) ಸಂತೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ಒದ್ದೆಯಾಯಿತು ಅಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಅಂತ ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಅಂತ ಎಚ್ಚರಿಸಿದರು. ಒದ್ದೆ ಧಾನ್ಯ ಮಾರಬಾರದು ಅಂತ ಹೇಳಲಿಲ್ಲ ನೋಡಿ. ಮಳೆ ಬಂದದ್ದು ಅವನ ತಪ್ಪೂ ಅಲ್ಲ. ಒದ್ದೆಯನ್ನು ಕೆಳಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ್ದೇ ತಪ್ಪು. ನಮ್ಮ ಪೇಂಟ್ ಕೂಡ ಅದೇ ಅಲ್ವಾ? ಗೊತ್ತಿದ್ದ ದೋಷವನ್ನು ಮುಚ್ಚಿದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಉಂಟು ಅಂತ ನಮ್ಮ ಶಾಫಿಈ ಕಿತಾಬುಗಳು ಹೇಳುತ್ತವೆ. ದೇಶದ ಕಾನೂನೂ ಬೇರೆ ಹೇಳುವುದಿಲ್ಲ. 1872ರ ಕರಾರು ಕಾಯ್ದೆಯ 17ನೇ ಕಲಂ ಪ್ರಕಾರ, ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದು ವಂಚನೆ.

ಅಳಿಯನಿಗೆ ಬೇಡ ಮೋನೇ ಅಂದೆ. ಅವನಿಗೆ ಸಿಟ್ಟು ಬಂತು. "ನಿಮಗೆ ಹೇಳುವುದು ಸುಲಭ, ಕಂತು ಕಟ್ಟುವವನು ನಾನು" ಅಂದ. ಆ ಮಾತು ಸುಳ್ಳಲ್ಲ. ಬರೀ ಹರಾಂ ಅಂತ ಹೇಳಿ ಫೋನ್ ಇಟ್ಟರೆ ನನ್ನ ಕೆಲಸ ಮುಗಿಯಲಿಲ್ಲ. ನಾವು ಕುಟುಂಬದ ಐದು ಮಂದಿ ಸೇರಿ ಬಡ್ಡಿ ಇಲ್ಲದೆ ಸ್ವಲ್ಪ ಸ್ವಲ್ಪ ಹಣ ಹೊಂದಿಸಿದೆವು. ಬೈಕನ್ನು ಮೆಕ್ಯಾನಿಕ್‌ಗೆ ಎಲ್ಲ ಹೇಳಿಯೇ ಬಿಡಿಭಾಗಕ್ಕೆ ಕೊಟ್ಟೆವು. ಸಿಕ್ಕಿದ್ದು ಸ್ವಲ್ಪ, ಆದರೆ ಆ ದುಡ್ಡಿನ ಬಗ್ಗೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಆಮೇಲೆ ನಗರಗೆರೆಯ ಆ ತಂದೆಗೂ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಉಪ್ಪು ನೀರು ಗಾಡಿಗೆ ಏನು ಮಾಡುತ್ತೆ ಹಜ್ರತ್?" ನನ್ನ ತಲೆ ತಗ್ಗಿತು.

ಕಡಲ ಬದಿಯವರು ಮಳೆಗಾಲಕ್ಕೆ ಮುಂಚೆ ಕೆಲವು ವಿಷಯ ತಿಳಿದಿರಬೇಕು. ನೀರು ಏರುವ ಸೂಚನೆ ಇದ್ದರೆ ಮೊದಲು ಬೈಕನ್ನು ಎತ್ತರದ ಜಾಗಕ್ಕೆ ಒಯ್ಯಿರಿ. ಮುಳುಗಿದರೆ ಸ್ಟಾರ್ಟ್ ಆಗುತ್ತದಾ ಅಂತ ನೋಡಲೇ ಬೇಡಿ, ಒಳಗೆ ಹೊಕ್ಕ ನೀರು ಇಂಜಿನನ್ನು ಮುರಿಯುತ್ತದೆ. ಬ್ಯಾಟರಿ ವೈರ್ ಬಿಚ್ಚಿ. ಮೊದಲು ಫೋಟೋ ತೆಗೆಯಿರಿ, ಆಮೇಲೆ ಅದೇ ದಿನ ಬಾವಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಪ್ಲಗ್ ತೆಗೆಸಿ, ಟ್ಯಾಂಕಿನ ಪೆಟ್ರೋಲ್, ಇಂಜಿನ್ ಆಯಿಲ್ ಖಾಲಿ ಮಾಡಿಸಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಹಳೆಯ ಕಾರ್ಬೊರೇಟರ್ ಬೈಕನ್ನು ಬೇಗ ಬಿಚ್ಚಿ ತೊಳೆದರೆ ಉಳಿಸುವ ಸಾಧ್ಯತೆ ಉಂಟು. 2020ರ ನಂತರದ ಬಿಎಸ್6 ಬೈಕುಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ, ಖರ್ಚೂ ಜಾಸ್ತಿ.

ಇನ್ಶೂರೆನ್ಸ್ ಕಾಗದ ಈಗಲೇ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ನೆರೆ ನೀರಿನ ನಷ್ಟಕ್ಕೆ ಒಂದು ಪೈಸೆ ಸಿಗುವುದಿಲ್ಲ. ನಮ್ಮ ಹುಡುಗನದ್ದು ಅದೇ ಆಗಿತ್ತು. ಫುಲ್ ಇನ್ಶೂರೆನ್ಸ್ ಇದ್ದರೆ ಕಂಪೆನಿಯವರಿಗೆ ತಕ್ಷಣ ತಿಳಿಸಿ. ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಬೈಕಿನ ಬೆಲೆಯ ನೂರಕ್ಕೆ 75ನ್ನು ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ ಹಾಕುತ್ತಾರೆ. ಗುಜರಿಗೆ ಹಾಕುವುದಾದರೆ ಆರ್‌ಸಿ ರದ್ದು ಮಾಡಿಸಿ. ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ 14 ದಿನದೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಬೇಕು. ಇಲ್ಲದಿದ್ದರೆ ಗಾಡಿ ಹೋದರೂ ದಾಖಲೆಯಲ್ಲಿ ಹೆಸರು ನಿಮ್ಮದೇ ಉಳಿಯುತ್ತದೆ.

ಮಾರುವುದೇ ಆದರೆ ಮಾರಿ, ಆದರೆ ಉಪ್ಪು ನೀರಿಗೆ ಬಿದ್ದದ್ದು ಅಂತ ಹೇಳಿ, ಚೀಟಿಯಲ್ಲಿ ಬರೆದುಕೊಟ್ಟು ಮಾರಿ.

ಜಮಾಅತಿನ ಹಿರಿಯರಲ್ಲೂ ಒಂದು ಮಾತು. ನೆರೆ ಬಂದಾಗ ಅಕ್ಕಿ ಕಿಟ್ ಹಂಚುತ್ತೇವೆ, ಅದು ಒಳ್ಳೆಯದೇ. ಜೊತೆಗೆ ದುಡಿಯುವ ಹುಡುಗನ ಬೈಕು ಹೋಗಿದ್ದರೆ ಅವನಿಗೆ ಬಡ್ಡಿ ಇಲ್ಲದ ಸಾಲದ ಒಂದು ಏರ್ಪಾಡು ಮಾಡಿ. ಕಂತಿನ ಚಿಂತೆಯಲ್ಲಿ ಇರುವವನಿಗೆ ಬರೀ ಹದೀಸ್ ಹೇಳಿದರೆ ಅವನಿಗೂ ನ್ಯಾಯ ಆಗುವುದಿಲ್ಲ, ದೂರದ ಊರಿನಲ್ಲಿ ಆ ಗಾಡಿ ಕೊಳ್ಳುವವನಿಗೂ ಆಗುವುದಿಲ್ಲ.