ತಿದ್ದದ ಸದ್ದಿಗಾಗಿ ಹತ್ತು ವರ್ಷ

ಮಕ್ಕಳ ಕೋಣೆಯಿಂದ ಗಿಟಾರಿನ ಅಬ್ಬರ, ಡ್ರಮ್ಮಿನ ಹೊಡೆತ ಕೇಳಿಬಂದಾಗ ‘ಇದೂ ಒಂದು ಸಂಗೀತವೇ?’ ಎಂದು ತಂದೆ-ತಾಯಿ ಗೊಣಗುವುದು ಹೊಸದೇನಲ್ಲ. ಆ ಅಬ್ಬರದಲ್ಲೂ ಇನ್ನಷ್ಟು ಒರಟಾದ ಒಂದು ಬಗೆಯಿದೆ. ಅದರ ಹೆಸರು ಇಂಡಿ ರಾಕ್. ‘ಇಂಡಿಪೆಂಡೆಂಟ್’ ಎಂಬ ಪದದ ಮೊಟಕು ರೂಪ ಇದು. ದೊಡ್ಡ ಕಂಪೆನಿಗಳ ಹಂಗಿಗೆ ಬೀಳದೆ ಸಣ್ಣ ಸಣ್ಣ ಸಂಸ್ಥೆಗಳ ಮೂಲಕ ತಮ್ಮ ಹಾಡುಗಳನ್ನು ಹೊರತಂದ ತಂಡಗಳಿಂದ ಈ ಹೆಸರು ಬಂತು.

ಈ ಸಂಗೀತದ ಅಭಿಮಾನಿಗಳು ಹೊಸ ಆಲ್ಬಮಿಗಾಗಿ ಕಾಯುವ ರೀತಿಯೂ ಸ್ವಲ್ಪ ಬೇರೆ. ಎಷ್ಟೋ ತಂಡಗಳು ಹೊಸ ಹಾಡನ್ನು ಮೊದಲು ಊರೂರು ತಿರುಗಿ ಸಣ್ಣ ಸಭಾಂಗಣಗಳಲ್ಲಿ ನುಡಿಸುತ್ತವೆ. ಅದು ಆಲ್ಬಮಿಗೆ ಬರಲು ವರ್ಷಗಳೇ ಹಿಡಿಯಬಹುದು. ಎದುರು ನಿಂತು ಕೇಳಿದವರಿಗೆ ಆ ಹಾಡಿನ ಬಿಸಿ ಗೊತ್ತು. ಆ ಬಿಸಿ ಆರದಂತೆ ಅದು ಆಲ್ಬಮಿನಲ್ಲೂ ಇರಬೇಕು ಎಂಬುದೇ ಅವರ ಬೇಡಿಕೆ.

2024ರ ಮೇ ತಿಂಗಳಲ್ಲಿ ಇಂಥ ಅಭಿಮಾನಿಗಳು ದಿನ ಎಣಿಸುತ್ತಿದ್ದರು. ಶೆಲಾಕ್ ಎಂಬ ಅಮೆರಿಕದ ತಂಡದ ‘ಟು ಆಲ್ ಟ್ರೇನ್ಸ್’ ಆಲ್ಬಂ ಅದೇ ತಿಂಗಳ 17ರಂದು ಬರಲಿತ್ತು. ಹಿಂದಿನದು ಬಂದದ್ದು 2014ರಲ್ಲಿ. ತಂಡದಲ್ಲಿದ್ದವರು ಮೂವರೇ. ಬಿಡುವು ಸಿಕ್ಕಾಗ ಕಲೆತು 2017ರಿಂದ 2022ರವರೆಗೆ ಬಿಟ್ಟು ಬಿಟ್ಟು ಧ್ವನಿಮುದ್ರಣ ಮುಗಿಸಿದ್ದರು. ಬಿಡುಗಡೆಗೆ ಹತ್ತೇ ದಿನ ಉಳಿದಿದ್ದಾಗ, ಮೇ 7ರಂದು, ತಂಡದ ಗಿಟಾರ್ ವಾದಕ ಮತ್ತು ಗಾಯಕ ಸ್ಟೀವ್ ಆಲ್ಬಿನಿ ಹೃದಯಾಘಾತದಿಂದ ತೀರಿಕೊಂಡ. ಆತನಿಗೆ 61 ವರ್ಷ.

ಆಲ್ಬಿನಿಯ ಹೆಸರು ಕೇಳದವರೂ ಆತನ ಕೆಲಸವನ್ನು ಕೇಳಿರುವ ಸಾಧ್ಯತೆ ಇದೆ. ಷಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದ ಈತ ಬದುಕಿಗೆ ಆರಿಸಿಕೊಂಡದ್ದು ಧ್ವನಿಮುದ್ರಣದ ಕಸುಬನ್ನು. ಸಾವಿರಕ್ಕೂ ಹೆಚ್ಚು ಆಲ್ಬಂಗಳು ಆತನ ಕೈಯಲ್ಲಿ ರೂಪುಗೊಂಡವು. ಆದರೂ ‘ನಿರ್ಮಾಪಕ’ ಎಂದು ತನ್ನ ಹೆಸರು ಹಾಕುವುದು ಆತನಿಗೆ ಇಷ್ಟವಿರಲಿಲ್ಲ. ಧ್ವನಿ ಮುದ್ರಿಸಿಕೊಂಡವನು ಎಂದರೆ ಸಾಕಿತ್ತು. ಸಂಗೀತ ತಂಡದ್ದು, ಅದನ್ನು ಇದ್ದ ಹಾಗೆ ಹಿಡಿದಿಡುವುದಷ್ಟೇ ತನ್ನ ಕೆಲಸ ಎಂಬುದು ಆತನ ನಿಲುವು.

ಇದ್ದ ಹಾಗೆ ಹಿಡಿಯುವುದು ಹೇಗೆ? ವಾದ್ಯದ ಹತ್ತಿರ ಒಂದು ಮೈಕ್ ಇಟ್ಟರೆ ವಾದ್ಯದ ಸದ್ದು ಮಾತ್ರ ಸಿಗುತ್ತದೆ. ನಾವು ಕೋಣೆಯಲ್ಲಿ ಕೂತು ಕೇಳುವಾಗ ಗೋಡೆಗೆ, ನೆಲಕ್ಕೆ ಬಡಿದು ಬರುವ ಸದ್ದೂ ಕಿವಿಗೆ ಬೀಳುತ್ತದೆ. ಆಲ್ಬಿನಿ ಡ್ರಮ್ಮಿನಿಂದ ದೂರದಲ್ಲಿಯೂ, ನೆಲದ ಮೇಲೂ ಮೈಕುಗಳನ್ನು ಇಟ್ಟು ಕೋಣೆಯ ಗುಂಗನ್ನೂ ಸೇರಿಸಿಕೊಳ್ಳುತ್ತಿದ್ದ. ಪಿಕ್ಸೀಸ್ ತಂಡದ ‘ಸರ್ಫರ್ ರೋಸಾ’ (1988) ಆಲ್ಬಮಿನಲ್ಲಿ ಯಂತ್ರದ ಪ್ರತಿಧ್ವನಿ ಬೇಡವೆಂದು ಗಾಯಕಿ ಕಿಮ್ ಡೀಲ್ ದನಿಯನ್ನು ಸ್ಟುಡಿಯೊದ ಬಚ್ಚಲುಮನೆಯಲ್ಲಿ ಮುದ್ರಿಸಿಕೊಂಡ. ಬಚ್ಚಲಲ್ಲಿ ಹಾಡಿದರೆ ದನಿ ತುಂಬಿ ಬರುತ್ತದೆ ಎಂಬುದು ಯಾರಿಗೆ ತಾನೆ ಗೊತ್ತಿಲ್ಲ!

ಆತನ ಹೆಸರು ಹೆಚ್ಚು ಜನರಿಗೆ ತಿಳಿದದ್ದು ನಿರ್ವಾಣ ತಂಡದಿಂದ. 1991ರಲ್ಲಿ ಬಂದ ಆ ತಂಡದ ‘ನೆವರ್‌ಮೈಂಡ್’ ಲಕ್ಷಗಟ್ಟಲೆ ಮಾರಾಟವಾಗಿತ್ತು. ಆದರೆ ಅದರ ನುಣುಪು ತಂಡದ ನಾಯಕ ಕರ್ಟ್ ಕೋಬೇನ್‌ಗೆ ಹಿಡಿಸಿರಲಿಲ್ಲ. ಮುಂದಿನ ಆಲ್ಬಮಿಗೆ ಆಲ್ಬಿನಿಯನ್ನು ಕರೆದರು. 1993ರ ಫೆಬ್ರುವರಿಯಲ್ಲಿ ಮಿನ್ನೆಸೋಟ ರಾಜ್ಯದ ಒಂದು ಸ್ಟುಡಿಯೊದಲ್ಲಿ ಎರಡು ವಾರದಲ್ಲಿ ಕೆಲಸ ಮುಗಿಯಿತು. ಮಾರಾಟದಲ್ಲಿ ಪಾಲು ಪಡೆಯುವುದು ಆ ಉದ್ಯಮದ ರೂಢಿ. ಆಲ್ಬಿನಿ ಪಾಲು ಬೇಡವೆಂದ. ಪ್ಲಂಬರ್ ಕೆಲಸ ಮಾಡಿ ಕೂಲಿ ತೆಗೆದುಕೊಳ್ಳುವಂತೆ ತನಗೂ ಕೆಲಸದ ಹಣ ಕೊಟ್ಟರೆ ಸಾಕು ಎಂದು ತಂಡಕ್ಕೆ ಪತ್ರ ಬರೆದಿದ್ದ. ಪಡೆದದ್ದು ಒಂದು ಲಕ್ಷ ಡಾಲರ್. ಪಾಲು ಪಡೆದಿದ್ದರೆ ಅದರ ಹಲವು ಪಟ್ಟು ಸಿಗುತ್ತಿತ್ತು.

ಕಂಪೆನಿಯವರಿಗೆ ಆ ಸದ್ದು ರುಚಿಸಲಿಲ್ಲ. ಕೊನೆಗೆ ತಂಡದವರೇ ಎರಡು ಹಾಡುಗಳನ್ನು ಬೇರೊಬ್ಬರಿಂದ ಮತ್ತೆ ಹದಗೊಳಿಸಿದರು. ಅದೇ ಸೆಪ್ಟೆಂಬರಿನಲ್ಲಿ ‘ಇನ್ ಯೂಟೆರೊ’ ಬಿಡುಗಡೆಯಾದಾಗ ಅಮೆರಿಕದ ಮಾರಾಟ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂತು. ಒರಟು ಸದ್ದನ್ನು ಜನ ಕೊಳ್ಳುವುದಿಲ್ಲ ಎಂಬ ಅಂಜಿಕೆ ಸುಳ್ಳಾಯಿತು.

ಒರಟು ಎಂದರೆ ಅಡ್ಡಾದಿಡ್ಡಿ ಎಂದು ತಿಳಿಯುವವರು ಒಂದು ಸಂಗತಿಯನ್ನು ಗಮನಿಸಬೇಕು. 1997ರಲ್ಲಿ ತಪ್ಪಿದ ಶ್ರುತಿಯನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವ ‘ಆಟೊಟ್ಯೂನ್’ ಮಾರುಕಟ್ಟೆಗೆ ಬಂತು. ಅದೇ ವರ್ಷ ಆಲ್ಬಿನಿ ಷಿಕಾಗೊದಲ್ಲಿ ‘ಎಲೆಕ್ಟ್ರಿಕಲ್ ಆಡಿಯೊ’ ಎಂಬ ತನ್ನ ಸ್ಟುಡಿಯೊ ತೆರೆದ. ಅಲ್ಲಿ ಆತ ಕೊನೆಯವರೆಗೂ ನೆಚ್ಚಿದ್ದು ಟೇಪನ್ನು. ಕಂಪ್ಯೂಟರಿನಲ್ಲಿ ಒಂದೊಂದು ಸ್ವರವನ್ನೂ ಎತ್ತಿ ಸರಿಯಾದ ಜಾಗಕ್ಕೆ ಕೂರಿಸಬಹುದು. ಟೇಪಿನಲ್ಲಿ ಅಂಥ ಸೌಕರ್ಯವಿಲ್ಲ. ತಪ್ಪಿದರೆ ಇನ್ನೊಮ್ಮೆ ನುಡಿಸಬೇಕು, ಇಲ್ಲವೇ ತಪ್ಪನ್ನು ಹಾಗೇ ಉಳಿಸಿಕೊಳ್ಳಬೇಕು. ಆದ್ದರಿಂದ ಅಲ್ಲಿಗೆ ಬರುವ ತಂಡ ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೇ ಬರಬೇಕಿತ್ತು. ಕಲಿತು ಬಂದವರಿಗೆ ಕೆಲವೇ ದಿನ ಸಾಕು, ಖರ್ಚೂ ಕಡಿಮೆ. ಹೆಸರಿಲ್ಲದ ಹುಡುಗರ ತಂಡಕ್ಕೂ ಆಲ್ಬಂ ಮಾಡುವುದು ಸಾಧ್ಯವಾದದ್ದು ಹೀಗೆ.

ವಾಷಿಂಗ್ಟನ್ನಿನ ಫುಗಾಜಿ ತಂಡದ್ದೂ ಇಂಥದೇ ಹಾದಿ. ಟಿಕೆಟ್ ಸಾಮಾನ್ಯವಾಗಿ ಐದು ಡಾಲರ್ ಮಾತ್ರ. ಶಾಲಾ ಮಕ್ಕಳಿಗೂ ಪ್ರವೇಶ ಇರಬೇಕೆಂಬುದು ಅವರ ಪಟ್ಟು. 1987ರಿಂದ ತಂಡ ನಡೆಸಿದ ಕಛೇರಿಗಳಲ್ಲಿ ಎಂಟುನೂರಕ್ಕೂ ಹೆಚ್ಚನ್ನು ಅವರು ಮುದ್ರಿಸಿ ಇಟ್ಟುಕೊಂಡಿದ್ದರು. 2011ರಿಂದ ಅವುಗಳನ್ನು ಒಂದೊಂದಾಗಿ ಕೇಳುಗರಿಗೆ ಕೊಡತೊಡಗಿದರು. ಒಂದೇ ಹಾಡನ್ನು ಬೇರೆ ಬೇರೆ ಊರುಗಳ ಕಛೇರಿಗಳಲ್ಲಿ ಹುಡುಕಿ ಕೇಳುವವರಿದ್ದಾರೆ. ಒಂದು ಕಡೆ ತಾಳ ಓಡಿರುತ್ತದೆ, ಇನ್ನೊಂದು ಕಡೆ ದನಿ ಒಡೆದಿರುತ್ತದೆ. ಅಭಿಮಾನಿಗಳಿಗೆ ಅವೆಲ್ಲವೂ ಬೇಕು.

ಇಷ್ಟು ಹೇಳಿದ ಮೇಲೂ ಈ ಸಂಗೀತ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ಆದರೆ ಮಗ ಅಥವಾ ಮಗಳು ಬಾಗಿಲು ಹಾಕಿಕೊಂಡು ಕೇಳುತ್ತಿರುವುದು ಬರೀ ಗದ್ದಲವೆಂದು ತೀರ್ಮಾನಿಸುವ ಮುನ್ನ ಹೆತ್ತವರು ಹತ್ತು ನಿಮಿಷ ಜೊತೆಗೆ ಕೂತು ಕೇಳಬಹುದು. ಡ್ರಮ್ ಎಲ್ಲಿದೆ, ಗಿಟಾರ್ ಎಷ್ಟು ದೂರದಲ್ಲಿದೆ ಎಂದು ಮಕ್ಕಳನ್ನೇ ಕೇಳಿ ತಿಳಿಯಬಹುದು. ಗಿಟಾರ್ ಕಲಿಯಲು ಹೊರಟ ವಿದ್ಯಾರ್ಥಿಗಳೂ ಒಂದು ಮಾತನ್ನು ನೆನಪಿಡಬೇಕು. ಯಂತ್ರ ಆಮೇಲೆ ತಿದ್ದುತ್ತದೆ ಎಂಬ ಭರವಸೆಯಲ್ಲಿ ಬೆರಳು ಪಳಗುವುದಿಲ್ಲ.

‘ಟು ಆಲ್ ಟ್ರೇನ್ಸ್’ ಹೇಳಿದ ದಿನವೇ, ಮೇ 17ರಂದು, ಬಿಡುಗಡೆಯಾಯಿತು. ಹತ್ತು ವರ್ಷ ಕಾದವರಿಗೆ ಸಿಕ್ಕಿದ್ದು ಹತ್ತು ಹಾಡು, ಅರ್ಧ ಗಂಟೆಗಿಂತ ಕಡಿಮೆ. ಅವುಗಳಲ್ಲಿ ಕೆಲವನ್ನು ಅವರು ವೇದಿಕೆಯ ಎದುರು ನಿಂತು ಮೊದಲೇ ಕೇಳಿದ್ದರು. ಇನ್ನು ಮುಂದೆ ಹಾಗೆ ಕೇಳುವ ಅವಕಾಶವಿಲ್ಲ. ಆ ಮೂವರು ಒಂದು ಕೋಣೆಯಲ್ಲಿ ಕೂಡಿ ನುಡಿಸಿದ್ದು ಹೇಗಿತ್ತು ಎಂಬುದು ಮಾತ್ರ ಆ ಆಲ್ಬಮಿನಲ್ಲಿ ಹಾಗೆಯೇ ಉಳಿದಿದೆ.